ನೋವಿನ ಪಾಸ್‌ಬುಕ್

ಮಕ್ಕಳೇ, ಅಂಗಳದಲ್ಲಿ ಓಡುವಾಗ ನೀವು ಎಡವಿ ಬಿದ್ದರೆ ಮನೆಯಲ್ಲಿ ಏನಾಗುತ್ತದೆ? ಅಜ್ಜಿ ಓಡಿಬಂದು ನೆಲಕ್ಕೆ ಎರಡು ಏಟು ಕೊಡುತ್ತಾಳೆ. "ಈ ನೆಲಾನ ಕೆಟ್ಟದ್ದು, ನೋಡು, ಹೊಡದೆ" ಅನ್ನುತ್ತಾಳೆ. ಇಲ್ಲವೆಂದರೆ "ಏನೂ ಆಗಿಲ್ಲ, ಇರುವಿ ಸತ್ತು ಹೋತು ನೋಡು" ಎಂದು ನಗಿಸುತ್ತಾಳೆ. ಸ್ವಲ್ಪ ದೊಡ್ಡ ಹುಡುಗನಾದರೆ ಅಪ್ಪ ಬಂದು, "ಗಂಡುಹುಡುಗ ಆಗಿ ಅಳ್ತಿಯೇನು?" ಎಂದು ಗದರಿಸುತ್ತಾನೆ. ಮೂರೂ ಪ್ರೀತಿಯ ಮಾತುಗಳೇ. ಆದರೆ "ಎಲ್ಲಿ ನೋವಾಯಿತು, ಎಷ್ಟು ನೋವಾಯಿತು?" ಎಂಬ ಪ್ರಶ್ನೆ ಮಾತ್ರ ಈ ಮೂರರಲ್ಲಿ ಎಲ್ಲಿಯೂ ಇಲ್ಲ.

ಈಗ ಅಜ್ಜನ ಕಡೆ ನೋಡಿ. ಅಜ್ಜ ಗೋಡೆ ಹಿಡಿದು ಏಳುತ್ತಾನೆ. ಮುಖ ಹಿಂಡಿಕೊಳ್ಳುತ್ತದೆ. "ಯಾಕಜ್ಜಾ, ಕಾಲು ನೋಯ್ತೈತೇನು?" ಎಂದು ನೀವು ಕೇಳುತ್ತೀರಿ. "ಏನಿಲ್ಲೋ ತಮ್ಮಾ, ವಯಸ್ಸಾತು" ಎಂದು ಅಜ್ಜ ಮುಗಿಸಿಬಿಡುತ್ತಾನೆ. ಏಳನೆಯ ವಯಸ್ಸಿನಲ್ಲಿ ಕಲಿತ ಪಾಠ ಎಪ್ಪತ್ತೇಳರಲ್ಲೂ ಬಾಯಿಪಾಠ!

ಈ ವಾರ ಆ "ಏನಿಲ್ಲ" ಎಂಬ ಮಾತಿನ ಬಗ್ಗೆಯೇ ಬರೆಯುತ್ತೇನೆ. ಅದಕ್ಕೆ ಕಾರಣವೂ ಇದೆ. ಬರುವ ತಿಂಗಳು ನನ್ನ ಬಲಗಾಲಿನ ಮೊಣಕಾಲು ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆ ಇದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದವನು ನಾನು. ಯಾವ ಕೆಲಸಕ್ಕೂ ಮೊದಲು ಲೆಕ್ಕ ಬರೆದು ನೋಡುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಈ ಸಲದ ಲೆಕ್ಕ ನೋವಿನದು.

ನಮ್ಮ ಕಡೆ ಬದುಕೆಲ್ಲ ನೆಲದ ಮೇಲೆಯೇ. ನಮ್ಮದು ಬಾದಾಮಿ ಸೀಮೆ. ಮಲಪ್ರಭಾ ನದಿಯ ದಂಡೆಯ ಮೇಲೆ ಶಿವಯೋಗ ಮಂದಿರವಿದೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಅದನ್ನು ಕಟ್ಟಿದರು. ಅಲ್ಲಿಗೆ ಹೋದವರು ಹೊಳೆಗೆ ಇಳಿಯುತ್ತಾರೆ, ಹತ್ತುತ್ತಾರೆ. ಪೂಜೆಗೆ ಚಕ್ಕಂಬಕ್ಕಳ ಹಾಕಿ ಕೂಡುತ್ತಾರೆ. ಪ್ರಸಾದಕ್ಕೆ ಪಂಕ್ತಿಯಲ್ಲಿ ನೆಲದ ಮೇಲೆ ಕೂಡುತ್ತಾರೆ. ಮನೆಗೆ ಬಂದರೆ ಅಜ್ಜಿ ಒಲೆಯ ಮುಂದೆ ಒಂದು ಮೊಣಕಾಲು ಎತ್ತಿ, ಒಂದು ಮಡಿಚಿ ಕೂತು ಜೋಳದ ರೊಟ್ಟಿ ಬಡಿಯುತ್ತಾಳೆ. ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ತುಳಿದವರಿದ್ದಾರೆ. ಹೊಲದಲ್ಲಿ ಕಳೆ ತೆಗೆಯುವವರು ಕುಕ್ಕರಗಾಲಿನಲ್ಲೇ ಸಾಲು ಮುಗಿಸುತ್ತಾರೆ.

ಹೀಗಿರುವಾಗ ಮೊಣಕಾಲು ಸೋತರೆ ಬರೀ ನಡಿಗೆಯೊಂದೇ ಸೋಲುವುದಿಲ್ಲ. ಪಂಕ್ತಿಯಲ್ಲಿ ಕೂಡುವ ಜಾಗ, ಒಲೆಯ ಮುಂದಿನ ಜಾಗ, ದೇವರ ಮುಂದಿನ ಜಾಗ ಎಲ್ಲವೂ ಒಂದೊಂದಾಗಿ ಕೈತಪ್ಪುತ್ತವೆ. ಅದಕ್ಕೇ ನಮ್ಮ ಹಿರಿಯರು ಕೊನೆಯ ತನಕ ಒಪ್ಪಿಕೊಳ್ಳುವುದಿಲ್ಲ. ಎಲ್ಲರೂ ನೆಲದ ಮೇಲೆ ಕೂತಾಗ ತಾನೊಬ್ಬ ಕುರ್ಚಿಯ ಮೇಲೆ ಕೂಡುವುದೆಂದರೆ ಏನೋ ಅಪರಾಧ ಮಾಡಿದ ಹಾಗೆ. ಈಗ ಗೋಡೆಯ ಪಕ್ಕ ಕುರ್ಚಿಗಳ ಸಾಲು ಹಾಕುವ ರೂಢಿ ಬಂದಿದೆ, ಒಳ್ಳೆಯದಾಯಿತು.

ಮೊಣಕಾಲಿನಲ್ಲಿ ನಡೆಯುವುದೇನು ಎಂದು ಮಕ್ಕಳಿಗೆ ಹೇಳಿಬಿಡುತ್ತೇನೆ. ತೊಡೆಯ ಎಲುಬು ಮತ್ತು ಕೆಳಗಾಲಿನ ಎಲುಬು ಕೂಡುವಲ್ಲಿ ಎರಡರ ತುದಿಗೂ ನುಣುಪಾದ ಮೃದು ಎಲುಬಿನ ಹೊದಿಕೆ ಇರುತ್ತದೆ. ಬಾಗಿಲಿನ ತಿರುಗಣಿಗೆ ಎಣ್ಣೆ ಇದ್ದಂತೆ ನಡುವೆ ಸ್ವಲ್ಪ ದ್ರವವೂ ಇರುತ್ತದೆ. ವರ್ಷಗಳು ಕಳೆದಂತೆ ಆ ಹೊದಿಕೆ ಸವೆಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಪೂರ್ತಿ ಸವೆದಾಗ ಎಲುಬಿಗೆ ಎಲುಬು ಉಜ್ಜುತ್ತದೆ. ವ್ಯಾಯಾಮ, ತೂಕ ಇಳಿಸುವುದು, ಔಷಧಿ ಯಾವುದಕ್ಕೂ ಬಗ್ಗದಿದ್ದಾಗ ವೈದ್ಯರು ಸವೆದ ತುದಿಗಳನ್ನು ಕತ್ತರಿಸಿ ಲೋಹದ ಟೋಪಿ ಹಾಕುತ್ತಾರೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಕೂರಿಸುತ್ತಾರೆ. ಇಡೀ ಕಾಲನ್ನು ಬದಲಾಯಿಸುತ್ತಾರೆ ಎಂದು ಹೆದರಬೇಡಿ. ಕಾಲು ನಿಮ್ಮದೇ, ಸವೆದ ಮೇಲ್ಮೈ ಮಾತ್ರ ಹೊಸದು.

ಈ ವಿದ್ಯೆ ಬಹಳ ಹಳೆಯದಲ್ಲ. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಎಂಬ ವೈದ್ಯರು ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲು ಸೇರಿಸಿ ಸೊಂಟದ ಕೀಲು ಬದಲಾಯಿಸುವ ದಾರಿ ತೋರಿಸಿದರು. 1974ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಇಂದಿನ ಮಾದರಿಯ ಮೊಣಕಾಲು ಕೀಲು ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರು ಭಾರತದಿಂದ ಹೋಗಿ ನೆಲೆಸಿದ್ದ ಡಾ. ಚಿತ್ತರಂಜನ್ ರಣಾವತ್. ಅದೇ ರಣಾವತ್ ಅವರು 2000ದ ಅಕ್ಟೋಬರ್‌ನಲ್ಲಿ ಮುಂಬೈಗೆ ಬಂದು ಆಗಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎಡ ಮೊಣಕಾಲಿಗೆ, 2001ರಲ್ಲಿ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಪತ್ರಿಕೆಗಳಲ್ಲಿ ಪ್ರಧಾನಿಯ ಮೊಣಕಾಲಿನ ಸುದ್ದಿ ಓದಿ ನಮ್ಮ ಬ್ಯಾಂಕಿನ ಕೌಂಟರಿನ ಮುಂದೆ ಪಿಂಚಣಿಗೆ ನಿಂತವರೆಲ್ಲ ತಮ್ಮ ತಮ್ಮ ಮೊಣಕಾಲಿನ ಸುದ್ದಿ ತೆಗೆದಿದ್ದರು. ದೇಶದ ದೊಡ್ಡ ಮನುಷ್ಯನೇ "ನನಗೆ ನೋವಿದೆ" ಎಂದು ಒಪ್ಪಿಕೊಂಡನಲ್ಲ ಎಂಬ ಧೈರ್ಯ ಅದು!

ಆಮೇಲೆ ಬೆಲೆಯ ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮೊಣಕಾಲು ಕೀಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿನ ಸರಾಸರಿ ಬೆಲೆ ಅದಕ್ಕೆ ಮೊದಲು ಒಂದೂವರೆ ಲಕ್ಷ ರೂಪಾಯಿ ದಾಟಿತ್ತು. ಅದು 54,720 ರೂಪಾಯಿಗೆ ಇಳಿಯಿತು, ತೆರಿಗೆ ಬೇರೆ. ಆಸ್ಪತ್ರೆಯ ಉಳಿದ ಖರ್ಚು ಇದ್ದೇ ಇದೆ. ಆದರೂ ನಮ್ಮಂಥ ಮನೆಗಳು ಈ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸುವಂತಾಯಿತು.

ರೊಕ್ಕದ ಅಡ್ಡಿ ಸ್ವಲ್ಪ ಸರಿದರೂ ಮನಸ್ಸಿನ ಅಡ್ಡಿ ಉಳಿದಿದೆ. "ತಾಳಿದವನು ಬಾಳಿಯಾನು" ಎಂಬ ಗಾದೆಯನ್ನು ಕೇಳುತ್ತ ಬೆಳೆದವರು ನಾವು. ಬನಶಂಕರಿ ಜಾತ್ರೆಗೆ ಬರಿಗಾಲಲ್ಲಿ ನಡೆದು ಬರುವವರನ್ನು, ದೀಡ ನಮಸ್ಕಾರ ಹಾಕುವವರನ್ನು ನೋಡಿದ್ದೇವೆ. ಮೈ ನೋಯಿಸಿಕೊಂಡರೆ ಮನಸ್ಸು ಗಟ್ಟಿಯಾಗುತ್ತದೆ ಎಂಬ ನಂಬಿಕೆ ಇದೆ. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಹರಕೆಯ ನೋವಿಗೆ ಒಂದು ಲೆಕ್ಕವಿರುತ್ತದೆ. ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು ಎಂಬುದು ಗೊತ್ತಿರುತ್ತದೆ. ಅದನ್ನು ನಾವಾಗಿ ಹೊತ್ತುಕೊಂಡಿರುತ್ತೇವೆ. ಸವೆದ ಕೀಲಿನ ನೋವು ಹಾಗಲ್ಲ. ಅದನ್ನು ಯಾರೂ ಹರಕೆ ಹೊತ್ತು ತಂದುಕೊಂಡಿರುವುದಿಲ್ಲ, ಅದರ ಗುಡಿಯೂ ಬರುವುದಿಲ್ಲ.

ಇನ್ನೊಂದು ಮಾತು, "ಪಡಕೊಂಡು ಬಂದದ್ದು." ಹೋದ ಜನ್ಮದ ಸಾಲ ತೀರಿಸುತ್ತಿದ್ದೇನೆ ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಬ್ಯಾಂಕಿನವನಾಗಿ ಹೇಳುತ್ತೇನೆ: ಕಂತು ಕಟ್ಟಿದಂತೆ ಸಾಲ ಇಳಿಯಬೇಕು. ಮೊಣಕಾಲಿನ ನೋವನ್ನು ಸುಮ್ಮನೆ ತಾಳುತ್ತ ಹೋದರೆ ಸಾಲ ಏರುತ್ತದೆ. ಹೇಗೆಂದರೆ, ನೋವಿರುವ ಕಾಲನ್ನು ನಾವು ಕಡಿಮೆ ಬಳಸುತ್ತೇವೆ. ಬಳಸದ ತೊಡೆಯ ಸ್ನಾಯು ಸೊರಗುತ್ತದೆ. ಕಾಲು ಸೊಟ್ಟಗಾಗುತ್ತದೆ. ಕೂತಲ್ಲೇ ಕೂತು ತೂಕ ಏರುತ್ತದೆ, ಸಕ್ಕರೆ ಕಾಯಿಲೆ ಕೆಡುತ್ತದೆ. ಐದಾರು ವರ್ಷ ಬಿಟ್ಟು ಶಸ್ತ್ರಚಿಕಿತ್ಸೆಗೆ ಹೋದಾಗ ಎಬ್ಬಿಸಿ ನಡೆಸಲು ಕಾಲಿನಲ್ಲಿ ಶಕ್ತಿಯೇ ಉಳಿದಿರುವುದಿಲ್ಲ. ಅದಕ್ಕೇ ವೈದ್ಯರು ಶಸ್ತ್ರಚಿಕಿತ್ಸೆಗೆ ಮೊದಲೇ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳಿಕೊಡುತ್ತಾರೆ. ನಾನೂ ಎರಡು ತಿಂಗಳಿಂದ ಬೆಳಿಗ್ಗೆ ಸಂಜೆ ಮಂಚದ ಮೇಲೆ ಕಾಲು ಚಾಚಿ, ಮೊಣಕಾಲಿನ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತುತ್ತಿದ್ದೇನೆ. ಮೊಮ್ಮಗಳು ಪಕ್ಕದಲ್ಲಿ ಕೂತು ಎಣಿಸುತ್ತಾಳೆ. ಹತ್ತಕ್ಕೆ ಬಿಡಬೇಕಾದದ್ದನ್ನು ಕೆಲವು ಸಲ ಹನ್ನೆರಡರ ತನಕ ಎಳೆಯುತ್ತಾಳೆ!

ಗುಳಿಗೆಯ ಭಯ ಇನ್ನೊಂದು ಕಥೆ. "ಇಂಗ್ಲಿಷ್ ಗುಳಿಗಿ ಉಷ್ಣ, ಕಿಡ್ನಿ ಹೋಗ್ತಾವ" ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ವಯಸ್ಸಾದವರಿಗೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಮಕ್ಕಳೇ, ನಮ್ಮ ದೇಶದ ರಣಹದ್ದುಗಳ ಕಥೆ ಕೇಳಿದ್ದೀರಾ? ದನಗಳ ನೋವಿಗೆಂದು ಇದೇ ಡೈಕ್ಲೋಫೆನಾಕ್ ಚುಚ್ಚುತ್ತಿದ್ದರು. ಆ ದನ ಸತ್ತಾಗ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹದ್ದುಗಳು ಕಣ್ಮರೆಯಾದವು. 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ಸರ್ಕಾರ ನಿಷೇಧಿಸಿತು.

ಹಾಗಾದರೆ ನೋವಿನ ಗುಳಿಗೆಯೇ ಬೇಡವೇ? ಹಾಗಲ್ಲ. ಅದೇ ಔಷಧಿಯನ್ನು ರಕ್ತ ಪರೀಕ್ಷೆ ನೋಡಿ, ಇಷ್ಟೇ ದಿನ, ಇಷ್ಟೇ ಪ್ರಮಾಣ ಎಂದು ವೈದ್ಯರು ಕೊಡುವುದು ಬೇರೆ, ನಾವೇ ಅಂಗಡಿಯಿಂದ ತಂದು ನುಂಗುವುದು ಬೇರೆ. ಪ್ಯಾರಾಸಿಟಮಾಲ್‌ಗೂ ಮಿತಿ ಇದೆ: ದೊಡ್ಡವರು ದಿನಕ್ಕೆ 4 ಗ್ರಾಂ ಮೀರಬಾರದು, ಅಂದರೆ 500 ಮಿಲಿಗ್ರಾಂನ ಎಂಟು ಗುಳಿಗೆ. ವಯಸ್ಸಾದವರಿಗೆ, ತೆಳ್ಳಗಿರುವವರಿಗೆ, ಯಕೃತ್ತಿನ ತೊಂದರೆ ಇದ್ದವರಿಗೆ ವೈದ್ಯರು ಅದಕ್ಕಿಂತಲೂ ಕಡಿಮೆ ಹೇಳುತ್ತಾರೆ. ಬೆರಗಿನ ಮಾತೆಂದರೆ, ಚೀಟಿ ಬರೆದುಕೊಟ್ಟ ಗುಳಿಗೆಗೆ ಅಂಜುವ ನಮ್ಮವರು ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಗೆ ಅಂಜುವುದಿಲ್ಲ! ಒಳಗೆ ಏನಿದೆ ಎಂದು ಬರೆದಿಲ್ಲದ ಪುಡಿಯನ್ನು ಬಾಯಿಗೆ ಹಾಕಬೇಡಿ. ಸಹಿ ಇಲ್ಲದ ಚೆಕ್ಕನ್ನು ಯಾವ ಬ್ಯಾಂಕೂ ಪಾಸು ಮಾಡುವುದಿಲ್ಲ.

ನೋವನ್ನು ತಾಳುವುದೇ ಧರ್ಮ ಎಂಬ ಮಾತು ನಮ್ಮಲ್ಲಿ ಮಾತ್ರ ಇರುವುದಲ್ಲ. 1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರ್ ಮೂಸಿಸಿ ರೋಗಿಗೆ ಅರಿವು ತಪ್ಪಿಸಿ ತೋರಿಸಿದ. ಅದಕ್ಕೂ ಮೊದಲು ಶಸ್ತ್ರಚಿಕಿತ್ಸೆ ಎಂದರೆ ನಾಲ್ಕು ಜನ ರೋಗಿಯನ್ನು ಒತ್ತಿ ಹಿಡಿಯುತ್ತಿದ್ದರು. ಎಷ್ಟು ಬೇಗ ಕತ್ತರಿಸಿದರೆ ಅಷ್ಟು ಒಳ್ಳೆಯ ವೈದ್ಯ. ಮುಂದೆ ಹೆರಿಗೆಯ ನೋವಿಗೂ ಅರಿವಳಿಕೆ ಕೊಡಬಹುದು ಎಂದಾಗ, ಅದು ದೇವರು ಕೊಟ್ಟ ನೋವು, ತಪ್ಪಿಸಬಾರದು ಎಂದು ಯುರೋಪಿನಲ್ಲೂ ವಾದಿಸಿದವರಿದ್ದರು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ತನ್ನ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ತೆಗೆದುಕೊಂಡಳು. ಜನರ ಹಿಂಜರಿಕೆ ಕಡಿಮೆಯಾಗಲು ಅದೂ ನೆರವಾಯಿತು.

ಮಾರ್ಕ್ ಜ್ಬೊರೋವ್ಸ್ಕಿ ಎಂಬ ವಿದ್ವಾಂಸ 1952ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದ. ನ್ಯೂಯಾರ್ಕಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಬೇರೆ ಬೇರೆ ಮೂಲದ ರೋಗಿಗಳು ನೋವನ್ನು ಹೇಗೆ ಹೇಳಿಕೊಳ್ಳುತ್ತಾರೆ ಎಂದು ಅವನು ನೋಡಿದ್ದ. ಇಟಲಿ ಮೂಲದವರು ನೋವನ್ನು ಬಾಯಿಬಿಟ್ಟು ಹೇಳಿ, ಅದು ಕಡಿಮೆಯಾದರೆ ಸಾಕೆನ್ನುತ್ತಿದ್ದರು. ಯಹೂದಿ ಮನೆತನದವರೂ ಬಾಯಿಬಿಟ್ಟು ಹೇಳುತ್ತಿದ್ದರು, ಆದರೆ ಅವರಿಗೆ ಮುಂದೇನಾದೀತು ಎಂಬ ಚಿಂತೆ ದೊಡ್ಡದು, ಗುಳಿಗೆಯ ಬಗ್ಗೆ ಸಂಶಯ. ಬಹುಕಾಲದಿಂದ ಅಮೆರಿಕದಲ್ಲೇ ನೆಲೆಸಿದ ಮನೆತನದವರು ಯಾರದೋ ಸುದ್ದಿ ಹೇಳುವವರಂತೆ ತಣ್ಣಗೆ ಹೇಳುತ್ತಿದ್ದರು. ಹೊರಗೆ ಕಾಣುವ ಮುಖ ನೋಡಿ ಒಳಗಿನ ನೋವನ್ನು ಅಳೆಯಲಾಗದು ಎಂಬುದು ಅದರಿಂದ ತಿಳಿಯುವ ಪಾಠ. ನೋವಿನ ಭಾಷೆಯನ್ನು ಪ್ರತಿ ಮನೆಯೂ ತನ್ನ ಮಕ್ಕಳಿಗೆ ಕಲಿಸುತ್ತದೆ. ನೆಲಕ್ಕೆ ಹೊಡೆಯುವ ನಮ್ಮ ಅಜ್ಜಿಯರೂ ಅದನ್ನೇ ಮಾಡುವುದು.

ಇನ್ನು ನಮ್ಮ ಅಕ್ಕನ ವಿಷಯ. ಅವಳಿಗೆ ಎಪ್ಪತ್ತೆಂಟು. ಎರಡು ವರ್ಷದ ಹಿಂದೆ ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಎಡ ಮೊಣಕಾಲು ಕೀಲು ಹಾಕಿಸಿದೆವು. ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರಿಂದ ಶಸ್ತ್ರಚಿಕಿತ್ಸೆಯಲ್ಲಿ ಅವಳಿಗೆ ನೋವೇ ಗೊತ್ತಾಗಲಿಲ್ಲ. ಅರಿವಳಿಕೆ ಇಳಿದ ಮೇಲೆ ಶುರುವಾಯಿತು. ಎರಡನೆಯ ದಿನ ನರ್ಸ್ ಬಂದು, "ಅಜ್ಜಿ, ನೋವು ಸೊನ್ನೆಯಿಂದ ಹತ್ತರೊಳಗ ಎಷ್ಟೈತಿ?" ಎಂದು ಕೇಳಿದಳು. "ಒಂದೋ ಎರಡೋ ಇರ್ಬೇಕವ್ವಾ, ಹರಕತ್ತಿಲ್ಲ" ಅಂದಳು ಅಕ್ಕ. ನರ್ಸ್ ಎರಡು ಎಂದು ಬರೆದುಕೊಂಡು ಹೋದಳು. ಆಮೇಲೆ ವ್ಯಾಯಾಮ ಮಾಡಿಸುವವರು ಬಂದು ಮೊಣಕಾಲು ಮಡಚಲು ಹೇಳಿದರೆ ಆಗಲೊಲ್ಲದು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು. ನೋವು ಎರಡೇ ಇದ್ದು ಕಾಲು ಮಡಚದಿದ್ದರೆ ಏನನ್ನಬೇಕು? ಅಜ್ಜಿ ಪ್ರಯತ್ನ ಪಡುವುದಿಲ್ಲ ಎಂದೇ ಅವರಿಗೆ ಅನ್ನಿಸಿತು.

ಅದನ್ನು ಬಿಡಿಸಿದವಳು ಅಕ್ಕನ ಮೊಮ್ಮಗಳು, ಆಗ ನಾಲ್ಕನೆಯ ತರಗತಿ. ಮಕ್ಕಳ ವಾರ್ಡಿನ ಗೋಡೆಯ ಮೇಲೆ ಆರು ಮುಖಗಳ ಚಿತ್ರ ನೋಡಿ ಬಂದಿದ್ದಳು. ಮೊದಲ ಮುಖ ನಗುತ್ತದೆ, ಕೊನೆಯದು ಕಣ್ಣೀರು ಹಾಕುತ್ತದೆ, ನಡುವೆ ನಾಲ್ಕು. ಕೆಳಗೆ ಸೊನ್ನೆಯಿಂದ ಹತ್ತರ ತನಕ ಎರಡೆರಡರ ಅಂಕಿ. ಅಂಕಿ ಹೇಳಲಾರದ ಚಿಕ್ಕಮಕ್ಕಳಿಗಾಗಿ ಡೊನ್ನಾ ವಾಂಗ್, ಕೋನಿ ಬೇಕರ್ ಎಂಬ ಇಬ್ಬರು ಅಮೆರಿಕದ ಮಹಿಳೆಯರು 1983ರಲ್ಲಿ ಇದನ್ನು ರೂಪಿಸಿದರು. ಹುಡುಗಿ ನೋಟ್‌ಬುಕ್ಕಿನ ಹಾಳೆಯಲ್ಲಿ ಆ ಆರು ಮುಖ ಬರೆದು ತಂದು, "ಅಮ್ಮಾ, ನೀ ಯಾವುದು?" ಎಂದು ಕೇಳಿದಳು. ಅಕ್ಕ ಬಾಗಿಲ ಕಡೆ ನೋಡಿ, ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ಐದನೆಯ ಮುಖದ ಮೇಲೆ ಬೆರಳಿಟ್ಟಳು. ಅದರ ಕೆಳಗಿನ ಅಂಕಿ ಎಂಟು.

ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದಾಗ ಅಕ್ಕ ಅಂದದ್ದು ಇಷ್ಟು: "ಹುಡುಗರು ರೊಕ್ಕ ಸುರುವಿ ಆಪರೇಶನ್ ಮಾಡಿಸ್ಯಾರ. ಈಗ ಮತ್ತ ನೋವು ನೋವು ಅಂದ್ರ ಅವರ ಜೀವಕ್ಕ ಹೆಂಗ ಆಗಬ್ಯಾಡ?" ಓದುವ ಮಕ್ಕಳು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಅಜ್ಜಿ ಸುಳ್ಳು ಹೇಳುವುದು ನಿಮ್ಮ ಮೇಲಿನ ಮಾಯೆಯಿಂದ. ಅವಳ "ಏನಿಲ್ಲ"ದಲ್ಲಿ ಇರುವುದು ನಿಮಗೆ ಭಾರವಾಗಬಾರದು ಎಂಬ ಸಂಕೋಚ.

ಅಂಕಿ ಸರಿಯಾದ ಮೇಲೆ ವೈದ್ಯರು ಔಷಧಿ ಬದಲಾಯಿಸಿದರು. ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ಗುಳಿಗೆ, ಆಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಕಾಲನ್ನು ಎತ್ತರಿಸಿ ಇಡುವುದು. ಮರುದಿನ ಕಾಲು ಸ್ವಲ್ಪ ಮಡಚಿತು. ಅದರ ಮರುದಿನ ಇನ್ನಷ್ಟು. ಇಲ್ಲಿ ಒಂದು ಗುಟ್ಟಿದೆ. ಮೊಣಕಾಲು ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರ ಕೆಲಸ ಅರ್ಧ, ಉಳಿದರ್ಧ ಮುಂದಿನ ವಾರಗಳ ವ್ಯಾಯಾಮ. ಆ ವಾರಗಳಲ್ಲಿ ಮಡಚದೆ ಬಿಟ್ಟರೆ ಕೀಲು ಬಿಗಿದುಕೊಳ್ಳುತ್ತದೆ, ಆಮೇಲೆ ಸಡಿಲಿಸುವುದು ಕಷ್ಟ. ನೋವಿನ ಔಷಧಿ ಕೊಡುವುದು ಮಲಗಿ ನಿದ್ದೆ ಹೊಡೆಯಲಿ ಎಂದಲ್ಲ, ಎದ್ದು ನಡೆಯಲಿ ಎಂದು. ನೋವನ್ನು ಮುಚ್ಚಿಟ್ಟವರು ವ್ಯಾಯಾಮ ತಪ್ಪಿಸುತ್ತಾರೆ. ಹೇಳಿಕೊಂಡವರು ಮಾಡುತ್ತಾರೆ. ತಾಳಿಕೆ ಬೇಕಾದದ್ದು ಆ ಇಪ್ಪತ್ತು ನಿಮಿಷದ ವ್ಯಾಯಾಮಕ್ಕೆ, ದಿನಕ್ಕೆ ಮೂರು ನಾಲ್ಕು ಸಲ. ಗಾದೆ ಹೇಳುವ ತಾಳಿಕೆಯನ್ನು ಅಲ್ಲಿ ಖರ್ಚು ಮಾಡಿದರೆ ಬಾಳಿಕೆ ಬರುತ್ತದೆ.

ಇದರ ಅತಿರೇಕವೂ ಇದೆ, ಅದನ್ನೂ ಹೇಳಬೇಕು. ಅಮೆರಿಕದಲ್ಲಿ 1990ರ ದಶಕದ ಕೊನೆಯಿಂದ ಅಫೀಮಿನ ಜಾತಿಯ ನೋವಿನ ಗುಳಿಗೆಗಳನ್ನು ಧಾರಾಳವಾಗಿ ಬರೆದುಕೊಟ್ಟರು. ಲಕ್ಷಾಂತರ ಜನ ಅದರ ಚಟಕ್ಕೆ ಬಿದ್ದರು, ಬಹಳ ಜನ ಸತ್ತರು. ಹಾಗಾಗಿ ಈಗ ವೈದ್ಯರು ಒಂದೇ ಔಷಧಿಯ ಮೇಲೆ ಭಾರ ಹಾಕುವುದಿಲ್ಲ. ನರದ ಸುತ್ತ ಮರಗಟ್ಟಿಸುವ ಚುಚ್ಚುಮದ್ದು, ಪ್ಯಾರಾಸಿಟಮಾಲ್, ಮಂಜುಗಡ್ಡೆ, ವ್ಯಾಯಾಮ, ಬಹಳ ಬೇಕಾದರೆ ಬಲವಾದ ಗುಳಿಗೆ ಕೆಲವೇ ದಿನ, ಹೀಗೆ ಹಲವು ಕೈ ಸೇರಿಸಿ ಎತ್ತುತ್ತಾರೆ. ಮಕ್ಕಳೇ, ಪೆಟ್ಟು ಬಿದ್ದ ಜಾಗವನ್ನು ತಿಕ್ಕಿದರೆ ನೋವು ಕಡಿಮೆಯಾಗುವುದು ಯಾಕೆ ಗೊತ್ತೇ? ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದ ಹಾಗೆ, ತಿಕ್ಕಿದ ಸ್ಪರ್ಶದ ಸುದ್ದಿ ಬಂದಾಗ ನೋವಿನ ಸುದ್ದಿಗೆ ಗೇಟು ಸ್ವಲ್ಪ ಮುಚ್ಚುತ್ತದೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ವಿವರಿಸಿದರು. ಅಜ್ಜನ ಪಾದ, ಬೆನ್ನು ಒತ್ತಿಕೊಡುವ ಮೊಮ್ಮಕ್ಕಳಿಗೆ ಆ ಗೇಟಿನ ಕೆಲಸ ಸಿಕ್ಕಿತು ಎನ್ನಿ. ಆದರೆ ಶಸ್ತ್ರಚಿಕಿತ್ಸೆಯಾದ ಕಾಲನ್ನು ಮಾತ್ರ ವೈದ್ಯರನ್ನು ಕೇಳದೆ ಒತ್ತಬೇಡಿ, ಎಣ್ಣೆ ತಿಕ್ಕಬೇಡಿ.

ಅದೇ ಮೆಲ್ಜಾಕ್ 1975ರಲ್ಲಿ ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು 20 ಗುಂಪು ಮಾಡಿ ವೈದ್ಯರಿಗೆ ಕೊಟ್ಟರು. ನಮ್ಮ ಕನ್ನಡಕ್ಕೇನು ಬಡತನವೇ? ಉರಿ, ಸೆಳೆತ, ಚುಚ್ಚು, ಹಿಂಡು, ಸಿಡಿತ, ಜುಮುಜುಮು, ಜಗ್ಗು, ಹರಿತ, ಶೂಲೆ, ಬೇನೆ ಎಂದು ನಮ್ಮ ಅಜ್ಜಿಯರ ಬಾಯಲ್ಲಿ ರಾಶಿ ಪದಗಳಿವೆ. ಇಷ್ಟೆಲ್ಲ ಇಟ್ಟುಕೊಂಡು ವೈದ್ಯರ ಮುಂದೆ ಮಾತ್ರ "ಏನಿಲ್ಲ" ಅನ್ನುತ್ತೇವೆ! ಉರಿಗೂ ಸೆಳೆತಕ್ಕೂ ವ್ಯತ್ಯಾಸ ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಹಗುರ.

ಇನ್ನು ನನ್ನ ಪಾಸ್‌ಬುಕ್. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಕೂಡದಿದ್ದರೆ, ಯಾವ ಖಾತೆಗೂ ಸೇರದ ಮೊತ್ತವನ್ನು ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತಿದ್ದೆವು. ಅಲ್ಲಿಟ್ಟ ಮಾತ್ರಕ್ಕೆ ಅದು ಮಾಯವಾಗುವುದಿಲ್ಲ. ಒಂದು ದಿನ ತಪಾಸಣೆಯವರು ಬಂದು ಹಿಡಿದೇ ಹಿಡಿಯುತ್ತಾರೆ. ಹೇಳದೆ ಇಟ್ಟ ನೋವೂ ಹಾಗೆಯೇ. ಅದಕ್ಕೆ ನಾನು ಒಂದು ನೂರು ಪುಟದ ನೋಟ್‌ಬುಕ್ ತಂದು ಐದು ಮನೆ ಗೆರೆ ಎಳೆದಿದ್ದೇನೆ: ತಾರೀಖು ಮತ್ತು ವೇಳೆ, ನೋವಿನ ಅಂಕಿ, ಯಾವ ಬಗೆಯ ನೋವು, ತೆಗೆದುಕೊಂಡ ಔಷಧಿ, ಮಾಡಿದ ವ್ಯಾಯಾಮ. ಬರೆಯುವವಳು ಮೊಮ್ಮಗಳು, ಸಹಿ ನನ್ನದು. ಅಂಕಿಯ ಪಕ್ಕ ಒಂದು ಮುಖದ ಚಿತ್ರವನ್ನೂ ಬರೆಯಬೇಕೆಂಬುದು ಅವಳ ಷರತ್ತು. ವೈದ್ಯರ ಬಳಿ ಹೋಗುವಾಗ ಅದೇ ಪುಸ್ತಕ ಅವರ ಮುಂದೆ.

ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಕೆಂಪು ಮಸಿಯಲ್ಲಿ ಕೆಲವು ಮಾತು ಬರೆಸಿದ್ದೇನೆ. ಮೀನಖಂಡದಲ್ಲಿ ಹೊಸ ನೋವು, ಬಾವು. ಎದೆನೋವು ಅಥವಾ ಉಸಿರುಗಟ್ಟುವುದು. ಜ್ವರ, ಗಾಯದಿಂದ ಕೀವು ಸೋರುವುದು. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ತಿಳಿಸಬೇಕು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಏರಿದರೆ ಜೀವಕ್ಕೇ ಅಪಾಯ. ಅಂಥ ನೋವಿಗೂ "ಏನಿಲ್ಲ" ಎಂದವರ ಮನೆಯವರಿಗೆ ಆಮೇಲೆ ಉಳಿಯುವುದು ಪಶ್ಚಾತ್ತಾಪ ಒಂದೇ.

ಎಲ್ಲ ನೋವೂ ಹೋಗಿಬಿಡುತ್ತದೆ ಎಂದು ನಾನು ಆಸೆ ಹಚ್ಚುವುದಿಲ್ಲ. ಮೊದಲ ಎರಡು ಮೂರು ವಾರ ಕಷ್ಟವೇ. ಬಾವು ಪೂರ್ತಿ ಇಳಿಯಲು ತಿಂಗಳುಗಳು ಬೇಕು, ಕಾಲು ಪೂರ್ತಿ ಪಳಗಲು ವರ್ಷವೂ ಹಿಡಿಯಬಹುದು. ಕೆಲವರಿಗೆ ಸ್ವಲ್ಪ ನೋವು ಉಳಿದೇಬಿಡುತ್ತದೆ. ನಮ್ಮ ಅಕ್ಕನಿಗೂ ಚಳಿಗಾಲದ ಬೆಳಗಿನಲ್ಲಿ ಕಾಲು ಬಿಗಿಯುತ್ತದೆ. ನೆಲದ ಮೇಲೆ ಕೂಡುವುದನ್ನು ವೈದ್ಯರು ಬೇಡವೆಂದಿದ್ದಾರೆ. ಆದರೆ ಈಗ ಶಿವಯೋಗ ಮಂದಿರಕ್ಕೆ ಹೋದಾಗ ಗಾಡಿಯಿಂದ ತಾನೇ ಇಳಿದು ನಡೆದು ಹೋಗುತ್ತಾಳೆ. ಕುರ್ಚಿಯ ಮೇಲೆ ಕೂತು ಕೈಮುಗಿಯುತ್ತಾಳೆ. ಪ್ರಸಾದದ ರುಚಿ ಕುರ್ಚಿಯ ಮೇಲೂ ಅದೇ ಎಂದು ಹೇಳುತ್ತಾಳೆ.

ಮಕ್ಕಳೇ, ಈ ವಾರ ನಿಮಗೆ ಎರಡು ಕೆಲಸ. ಒಂದು, ಆರು ಮುಖಗಳ ಚಿತ್ರ ಬರೆದು ಅಜ್ಜ ಅಜ್ಜಿಯ ಮುಂದೆ ಇಟ್ಟು, "ನೀ ಯಾವುದು?" ಎಂದು ಕೇಳಿ. ಅವರು ನಗುವ ಮುಖ ತೋರಿಸಿದರೆ ಅವರು ಏಳುವಾಗ ಕೂಡುವಾಗ ಮುಖ ನೋಡಿ, ಇನ್ನೊಮ್ಮೆ ಕೇಳಿ. ಎರಡು, ನಿಮ್ಮ ಮನೆಯಲ್ಲಿ ನೋವಿಗೆ ಏನೇನು ಪದಗಳಿವೆ ಎಂದು ಕೇಳಿ ಬರೆದಿಡಿ. ನಾಳೆ ನಿಮ್ಮ ಗೆಳೆಯ ಮೈದಾನದಲ್ಲಿ ಬಿದ್ದು ಅತ್ತರೆ ನಗಬೇಡಿ. ಎಲ್ಲಿ, ಎಷ್ಟು ಎಂದು ಕೇಳಿ.

ಅಜ್ಜ ಅಜ್ಜಿಯರೇ, ನಿಮಗೆ ಒಂದೇ ಕೆಲಸ. ಮಕ್ಕಳು ಕೇಳಿದಾಗ ನಿಜವಾದ ಅಂಕಿ ಹೇಳಿ.